ಒಂದು ಪ್ರೇಮಗೀತೆಯ ಕಾಲನಿರ್ಣಯ

ಸಾಗರದ ನಮ್ಮ ಬಡಾವಣೆಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂವರೆಗೆ. ಇದನ್ನು ನಾನು ಅಂದಾಜಿನ ಮೇಲೆ ಬರೆದಿಲ್ಲ. ಗೋಡೆಯ ಗಡಿಯಾರವನ್ನೂ ಕೈಗಡಿಯಾರವನ್ನೂ ಹದಿನೈದು ದಿನ ತಾಳೆ ನೋಡಿ, ಎರಡು ಸಾಕ್ಷ್ಯಗಳು ಕೂಡಿದ ಮೇಲೆ ಬರೆಯುತ್ತಿದ್ದೇನೆ. ಗಾಡಿ ತಿರುವಿನಲ್ಲಿ ಕಾಣಿಸುವುದಕ್ಕೆ ಮೊದಲೇ ಅದರ ಧ್ವನಿವರ್ಧಕ ಕೇಳಿಸುತ್ತದೆ. ಮೊದಲು ಕೀಬೋರ್ಡಿನ ಉದ್ದನೆಯ ನಾದ, ಅನಂತರ ಒಂದು ಹೆಣ್ಣುಕಂಠ:

ಅಂಗಳದ ಮುಂದೆ ಗಾಡಿ ಬಂತು ಅಮ್ಮಾ,
ಕಸವೆಲ್ಲ ತಂದು ಹಾಕಿ.
ಹಸಿಯದು ಬೇರೆ, ಒಣಗಿದ್ದು ಬೇರೆ ಅಮ್ಮಾ,
ಬುಟ್ಟಿಯ ತುಂಬಿ ಹಾಕಿ.

ಈ ಧಾಟಿ ಕಿವಿಗೆ ಬಿದ್ದೊಡನೆ ನಾನು ಎರಡು ಕೈಯಲ್ಲಿ ಎರಡು ಬುಟ್ಟಿ ಹಿಡಿದು ಗೇಟಿನ ಬಳಿ ನೆಟ್ಟಗೆ ನಿಂತುಬಿಡುತ್ತೇನೆ. ಗಾಡಿ ಬಂದು ನಿಂತರೂ ಬುಟ್ಟಿ ಕೊಡುವುದಿಲ್ಲ. ನಾಲ್ಕನೆಯ ಸಾಲು ಮುಗಿಯಬೇಕು.

"ರಾಷ್ಟ್ರಗೀತೆ ಮುಗೀತಾ? ಇನ್ನಾದ್ರೂ ಕಸ ಕೊಡಿ" ಎಂದು ನನ್ನ ಹೆಂಡತಿ ಸಾವಿತ್ರಿ ಒಳಗಿನಿಂದ ಕೂಗುತ್ತಾಳೆ. ಅವಳಿಗೆ ಕಾರಣ ಗೊತ್ತು. ಗೊತ್ತಿದ್ದೇ ಕೂಗುತ್ತಾಳೆ.

ಈ ಧಾಟಿ ನಿಮಗೂ ಗೊತ್ತು, ಓದುಗರೆ. ಇಲ್ಲವೆನ್ನಬೇಡಿ. ಕ್ಯಾಸೆಟ್ಟಿನ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಒಮ್ಮೆಯಾದರೂ ಬಸ್ಸು ಹತ್ತಿದವರೆಲ್ಲ ಇದನ್ನು ಕೇಳಿದ್ದಾರೆ, ಏಕೆಂದರೆ ಕೇಳದೆ ಇಳಿಯುವ ಅವಕಾಶವಿರಲಿಲ್ಲ. ಮದುವೆಯ ಊಟದ ಹಾಲ್‌ನಲ್ಲಿ ಪಾಯಸ ಬರುವ ಹೊತ್ತಿಗೆ ಇದು ಬರುತ್ತಿತ್ತು. ಕಾಲೇಜಿನ ಬೀಳ್ಕೊಡುಗೆಯಲ್ಲಿ ಅಂತಿಮ ವರ್ಷದ ಯಾವನಾದರೂ ಒಬ್ಬ ಕಣ್ಣು ಮುಚ್ಚಿಕೊಂಡು ಇದನ್ನು ಹಾಡುತ್ತಿದ್ದ. ಯಾರನ್ನು ಕುರಿತು ಹಾಡುತ್ತಿದ್ದಾನೆಂಬುದು ಅವಳನ್ನು ಬಿಟ್ಟು ಉಳಿದ ಎಲ್ಲರಿಗೂ ತಿಳಿದಿರುತ್ತಿತ್ತು. 'ಅಂಗಳದ ಮೇಲೆ ದೋಣಿ ಹೋತು ನಲ್ಲಾ' ಎಂಬ ಆ ಪ್ರೇಮಗೀತೆಯೇ ಈಗ ಮಾತು ಬದಲಿಸಿಕೊಂಡು ನಮ್ಮ ಸೊಪ್ಪಿನ ಕಡ್ಡಿಗಳನ್ನೂ ಹಾಲಿನ ಪ್ಲಾಸ್ಟಿಕ್ ಕೊಟ್ಟೆಗಳನ್ನೂ ಒಯ್ಯಲು ಬರುತ್ತಿದೆ.

ಹಾಡಿದವರು ಮಧುಕಿರಣ್. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಯ ಮಂಜಪ್ಪ ಅವರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಧುಕಿರಣ್ ಆಗಿದ್ದರು. ಅದು ಅವರ ಮೊದಲ ಆಲ್ಬಮ್ಮು. ಹೆಸರು 'ಆಚೆ ದಡ'. ಅದರಲ್ಲಿ ಎಂಟು ಹಾಡುಗಳಿದ್ದವು. ಏಳನ್ನು ಜನ ಟೇಪು ಓಡಿಸಿ ದಾಟುತ್ತಿದ್ದರು. ಅನಂತರ ಅವರು ಇನ್ನೂ ಹಲವು ಆಲ್ಬಮ್ಮುಗಳನ್ನು ತಂದರೆಂದು ಅವರೇ ನನಗೆ ಹೇಳಿದ್ದಾರೆ. ಬೇರೆ ಆಧಾರ ದೊರೆತಿಲ್ಲ. ಎಲ್ಲಿ ವೇದಿಕೆ ಹತ್ತಿದರೂ ಜನ ಕೇಳುವುದು ಇದೊಂದನ್ನೇ. ಅವರು ಹಾಡುತ್ತಾರೆ, ಎರಡನೆಯ ಚರಣದ ಮೂರನೆಯ ಸಾಲಿನಲ್ಲಿ ಅಳುತ್ತಾರೆ. ಬೇರೆ ಬೇರೆ ಊರುಗಳ ಮೂರು ಸಭೆಗಳಲ್ಲಿ ನಾನು ಪರೀಕ್ಷಿಸಿದ್ದೇನೆ. ಅಳು ಅದೇ ಅಕ್ಷರಕ್ಕೆ ಬರುತ್ತದೆ.

ಆಲ್ಬಮ್ಮು ಯಾವ ವರ್ಷದ್ದು ಎಂದು ಕೇಳಬೇಡಿ. ಹೊದಿಕೆಯ ಮೇಲೆ ಇಸವಿ ಇಲ್ಲ. ಗಾಯಕರು ಒಂದು ಇಸವಿ ಹೇಳುತ್ತಾರೆ. 'ಖ್ಯಾತ ಗಾಯಕ' ಎಂದು ಅಚ್ಚಾಗಿರುವ ಅವರದೇ ಮದುವೆಯ ಕರೆಯೋಲೆ ಅದಕ್ಕಿಂತ ಹಿಂದಿನದು. ಎರಡು ಸಾಕ್ಷ್ಯ ಕೂಡದ ಇಸವಿಯನ್ನು ನಾನು ಕಾಗದದ ಮೇಲೆ ಇಳಿಸುವುದಿಲ್ಲ. ಈ ಕಟ್ಟುನಿಟ್ಟಿಗಾಗಿ ಶಾಸನ ಸಂಶೋಧನೆಯ ಕಚೇರಿಯಲ್ಲಿ ಸಹೋದ್ಯೋಗಿಗಳು ನನ್ನನ್ನು ಗೌರವಿಸುತ್ತಿದ್ದರು, ಹಾಗೂ ಚಹಾಕ್ಕೆ ಕರೆಯುತ್ತಿರಲಿಲ್ಲ. ಇಸವಿಗಳ ವಿಷಯದಲ್ಲಿ ನಾನು ಎಷ್ಟು ನಂಬಿಕೆಗೆ ಅರ್ಹ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಕೆಲವು ತಿಂಗಳ ಹಿಂದೆ ಈ ಹಾಡಿಗೆ ಸನ್ಮಾನ ಮಾಡಬೇಕೆಂಬ ಯೋಚನೆ ಹುಟ್ಟಿತು. ಗಾಯಕರು ತಮ್ಮವರೆಂದು ತೀರ್ಥಹಳ್ಳಿ ಹೇಳುತ್ತದೆ. ಹಾಡು ಸಿಕ್ಕಿದ್ದು ತನ್ನ ತಾಲ್ಲೂಕಿನಲ್ಲೆಂದು ಸಾಗರ ಹೇಳುತ್ತದೆ. ಹೊಸನಗರಕ್ಕೆ ಇವೆರಡೂ ಇಲ್ಲದ್ದರಿಂದ ಸಮಾರಂಭದ ಹೊಣೆಯನ್ನು ಅದೇ ಹೊತ್ತಿತು. ಸಮಿತಿಯ ಕಾರ್ಯದರ್ಶಿ ಚಂದ್ರಹಾಸ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದ. ಆತ ಚುರುಕಿನ ಮನುಷ್ಯ. ಸ್ವಾಗತ, ವಂದನಾರ್ಪಣೆ ಎರಡನ್ನೂ ತಾನೇ ಮಾಡಿ ನಡುವೆ ಊಟವನ್ನೂ ಬಡಿಸಬಲ್ಲ.

"ಸಾರ್, ಒಂದು ಕಲ್ಲು ನಿಲ್ಲಿಸ್ತಾ ಇದೀವಿ" ಎಂದ. "'ಮುನ್ನೂರು ವರ್ಷಗಳ ಪುರಾತನ ಜನಪದ ಗೀತೆ, ಕರ್ತೃ ಅಜ್ಞಾತ' ಅಂತ. ಕೆಳಗೆ ನಿಮ್ಮ ಹೆಸರು, 'ಕಾಲನಿರ್ಣಯ' ಅಂತ ಹಾಕಿ. ನೀವು ಒಂದು ಸಹಿ ಮಾಡಿದ್ರೆ ಆಯ್ತು."

ಜೀವಮಾನವಿಡೀ ಶಾಸನಗಳನ್ನು ಓದಿದ ಮನುಷ್ಯನಿಗೆ ತನ್ನ ಹೆಸರು ಶಾಸನದಲ್ಲಿ ಬರುತ್ತದೆಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ನಾನು ಚಂದ್ರಹಾಸನಿಗೆ ಎರಡನೆಯ ಸಲ ಕಾಫಿ ಕೊಡಿಸಿದೆ.

"ಐನೂರು ಅಂತ ಮಾಡ್ಬಹುದಾ ಸಾರ್?" ಎಂದು ಅವನು ಲೋಟ ಇಡುತ್ತ ಕೇಳಿದ. "ಕಲ್ಲು ದೊಡ್ಡದಿದೆ."

ಐನೂರನ್ನು ನಾನು ಕಠಿಣವಾಗಿ ನಿರಾಕರಿಸಿದೆ. ಮುನ್ನೂರಕ್ಕೆ ಆಧಾರವಿತ್ತು. ಆ ಆಧಾರ ನಾನೇ.

ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ. ನಾನು ಸಂಶೋಧನೆಗೆ ಹೊಸಬನಾಗಿದ್ದಾಗ ಶಾಸನಗಳ ಜೊತೆಗೆ ಹಾಡುಗಳನ್ನೂ ಸಂಗ್ರಹಿಸಬೇಕೆಂದು ಮೇಲಿನಿಂದ ಆದೇಶ ಬಂತು. ಇಟ್ಟಿಗೆಯಷ್ಟು ಭಾರದ ಟೇಪ್‌ರೆಕಾರ್ಡರು ಒಂದು ಹೆಗಲಿಗೆ, ಅಚ್ಚುಹಾಕಿದ ನಮೂನೆಗಳ ಚೀಲ ಇನ್ನೊಂದಕ್ಕೆ. ಆ ನಮೂನೆಯನ್ನು ನೀವು ನೋಡಬೇಕಿತ್ತು. ಹಾಡಿದವರ ಹೆಸರು, ವಯಸ್ಸು, ಊರು. ಕೊನೆಗೆ 'ಯಾರಿಂದ ಕಲಿತದ್ದು' ಎಂಬ ಕಾಲಮು. ಅತ್ತೆಯಿಂದ, ಅಜ್ಜಿಯಿಂದ, ಪರಂಪರೆಯಿಂದ: ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹಾಡುವವಳು ತಾನೇ ಕಟ್ಟಿರಬಹುದೆಂಬ ಅನುಮಾನ ನಮೂನೆ ತಯಾರಿಸಿದವರ ಹತ್ತಿರ ಸುಳಿದಿರಲಿಲ್ಲ. ತಯಾರಿಸಿದವರಲ್ಲಿ ನಾನೂ ಒಬ್ಬ.

ಅದನ್ನು ಹೊತ್ತು ಲಾಂಚಿನಲ್ಲಿ ಶರಾವತಿಯ ಹಿನ್ನೀರು ದಾಟಿ ಬ್ಯಾಕೋಡಿಗೆ ಹೋದೆ. ಅಲ್ಲಿ ಒಂದು ಮನೆಯ ಜಗಲಿಯಲ್ಲಿ ಗೌರಿ ಎಂಬ ಹೊಸ ಸೊಸೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆ ಹೊಲಿಯುತ್ತ ಹಾಡಿಕೊಳ್ಳುತ್ತಿದ್ದಳು. ಪೆಡಲು ತುಳಿಯುವ ಕಾಲೇ ತಾಳ.

ಅಂಗಳದ ಮೇಲೆ ದೋಣಿ ಹೋತು ಅಮ್ಮಾ,
ರಂಗೋಲಿ ಎಲ್ಲಿ ಇಡಲಿ?
ತೊಳಸಿಕಟ್ಟೆಗೆ ಮೀನು ಸುತ್ತು ಬಂತು ಅಮ್ಮಾ,
ದೀಪ ಯಾರಿಗೆ ಹಚ್ಚಲಿ?

ಧ್ವನಿಮುದ್ರಣಕ್ಕೆ ಅಡ್ಡಿಯಾಗುತ್ತದೆಂದು ಮಿಷನ್ನು ನಿಲ್ಲಿಸಲು ಹೇಳಿದೆ. ನಿಲ್ಲಿಸಿದರೆ ಅವಳಿಗೆ ಹಾಡು ಬರಲಿಲ್ಲ. ಕೊನೆಗೆ ಖಾಲಿ ಪೆಡಲು ತುಳಿಯುತ್ತ ಹಾಡಿದಳು. ಆಮೇಲೆ ನಾನು ನಮೂನೆ ತೆಗೆದು ಕೇಳಬೇಕಾದದ್ದನ್ನು ಕೇಳಿದೆ, ಬರೆಯಬೇಕಾದದ್ದನ್ನು ಬರೆದುಕೊಂಡೆ, ಮಧ್ಯಾಹ್ನದ ಲಾಂಚಿಗೆ ವಾಪಸು ಬಂದೆ.

ಆ ಹಾಡಿನ ಮೇಲೆ ನಾನೊಂದು ಲೇಖನ ಬರೆದೆ. ಅಂಗಳವೆಂದರೆ ದೇಹ, ದೋಣಿಯೆಂದರೆ ಜೀವ ಎಂದೆ. ತುಳಸಿಕಟ್ಟೆಗೆ ಸುತ್ತು ಬಂದ ಮೀನು ಚಂಚಲವಾದ ಮನಸ್ಸೆಂದು ಸಾಧಿಸಲು ಐದು ಪುಟ ಹಿಡಿಯಿತು. 'ಹೋತು' ಎಂಬ ರೂಪವನ್ನು ಹಿಡಿದು, ಎರಡು ಶಾಸನಗಳನ್ನು ಪಕ್ಕದಲ್ಲಿಟ್ಟು, ಹಾಡಿಗೆ ಮುನ್ನೂರು ವರ್ಷಗಳ ಪ್ರಾಚೀನತೆಯನ್ನು ದಯಪಾಲಿಸಿದೆ. ಅಡಿಟಿಪ್ಪಣಿಗಳು ಲೇಖನಕ್ಕಿಂತ ಉದ್ದವಾಗಿದ್ದವು. ಅವನ್ನು ಯಾರೂ ಓದಲಿಲ್ಲ. ಆದ್ದರಿಂದ ಎಲ್ಲರೂ ಒಪ್ಪಿದರು.

ಓದಿದವರು ಮಂಜಪ್ಪ ಒಬ್ಬರೇ. ಆಗಿನ್ನೂ ಕಿರಣ ಮೂಡಿರಲಿಲ್ಲ. ಮೊದಲ ಆಲ್ಬಮ್ಮಿಗೆ ಹಾಡು ಹುಡುಕುತ್ತ ನನ್ನ ಬಳಿ ಬಂದು, "ಹಳೇದು ಬೇಕು ಸಾರ್. ಬರ್ದವರು ಬಂದು ಗಲಾಟೆ ಮಾಡ್ಬಾರ್ದು" ಎಂದರು. ಬರೆದವರು ಮುನ್ನೂರು ವರ್ಷದ ಹಿಂದೆ ತೀರಿಕೊಂಡಿರುವುದಾಗಿ ನಾನು ಭರವಸೆ ಕೊಟ್ಟು ಧ್ವನಿಸುರುಳಿಯನ್ನೂ ಕೊಟ್ಟೆ. ಒಂದು ವಾರ ಬಿಟ್ಟು ಮತ್ತೆ ಬಂದರು.

"ಸಾರ್, ಈ 'ಅಮ್ಮಾ' ಒಂದು ತೊಂದ್ರೆ. ಅಮ್ಮನ ಹಾಡು ಮದುವೆ ಮನೇಲಿ ಹಾಕೋಕಾಗಲ್ಲ. 'ನಲ್ಲಾ' ಅಂತ ಮಾಡಿದ್ರೆ ಎಂತಾಗ್ತದೆ?"

ಸಂಶೋಧಕನಾದ ನಾನು ಆಗ ಸಿಡಿದೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: "ಪಾಠಾಂತರ ಎನ್ನಬಹುದು." ಕ್ಯಾಸೆಟ್ಟಿನ ಹೊದಿಕೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ 'ಸಂಗ್ರಹ' ಎಂದು ನನ್ನ ಹೆಸರಿತ್ತು. ಅದನ್ನು ಭೂತಗನ್ನಡಿಯಿಲ್ಲದೆ ಓದಬಹುದೆಂದು ಆಗ ಸಾವಿತ್ರಿಯೊಡನೆ ವಾದ ಮಾಡಿದ್ದೆ.

ಇಲ್ಲಿಗೆ ನನ್ನ ವೈಭವದ ಅಧ್ಯಾಯ ಮುಗಿಯುತ್ತದೆ.

ಚಂದ್ರಹಾಸ ಹೋದ ಮೇಲೆ, ಕಲ್ಲಿಗೆ ಹೋಗುವ ಮಾತನ್ನು ಇನ್ನೊಮ್ಮೆ ತಾಳೆ ನೋಡೋಣವೆಂದು ಅಟ್ಟದಿಂದ ಹಳೆಯ ಕಟ್ಟುಗಳನ್ನು ಇಳಿಸಿದೆ. ಗೌರಿಯ ನಮೂನೆ ಸಿಕ್ಕಿತು. 'ಯಾರಿಂದ ಕಲಿತದ್ದು' ಎಂಬಲ್ಲಿ 'ಪರಂಪರೆಯಿಂದ' ಎಂಬುದಕ್ಕೆ ನನ್ನದೇ ನೀಲಿ ಶಾಯಿಯ ಗುರುತು. ಅದರೊಡನೆ ಪಿನ್ನು ಚುಚ್ಚಿದ್ದ ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ, ಜಗಲಿಯ ಮೇಲೆ ಕೂತು ಗೀಚಿಕೊಂಡ ಒಂದು ಸಾಲು: 'ಯಾರಿಂದಲೂ ಇಲ್ಲ ಅನ್ನುತ್ತಾಳೆ.'

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಸಾವಿತ್ರಿಗೆ ತೋರಿಸಿದೆ. ಅವಳು ಅಷ್ಟು ದೂರದಿಂದಲೇ ಓದಿದಳು.

"ಯಾರಿಂದಲೂ ಇಲ್ಲ ಅಂದ್ರೆ ಅವಳೇ ಕಟ್ಟಿದ್ದು ಅಂತ ಅಲ್ವೇನ್ರೀ?"

"ಆ ಕಾಲದಲ್ಲಿ ನಮ್ಮ ವಿಧಾನದ ಪ್ರಕಾರ..."

"ವಿಧಾನ ಇಟ್ಕೊಳಿ ನೀವು. ನಂಗೆ ಯಾರಾದ್ರೂ 'ಈ ಸಾರು ಯಾರಿಂದ ಕಲ್ತಿರಿ' ಅಂತ ಕೇಳಿದ್ರೆ ನಾನೂ ಯಾರಿಂದಲೂ ಇಲ್ಲ ಅಂತೀನಿ. ಅದಕ್ಕೇ ಮುನ್ನೂರು ವರ್ಷದ ಸಾರು ಅಂತ ಬರ್ಕೊಳ್ತೀರಾ?"

ಮರುದಿನವೇ ಬ್ಯಾಕೋಡಿಗೆ ಹೊರಟೆ. ಅವಳು ಇರುತ್ತಾಳೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅಳುಕಿತ್ತು. ಸತ್ಯ ಹೇಳಬೇಕೆಂದರೆ, ಇರಬಾರದೆಂದು ಬಯಸಿದ ಒಂದು ಚೂರು ಮನಸ್ಸೂ ಇತ್ತು. ಅಜ್ಞಾತ ಕರ್ತೃಗಳು ಬದುಕಿರುವುದು ನಮ್ಮ ಶಾಸ್ತ್ರಕ್ಕೆ ಒಳ್ಳೆಯದಲ್ಲ.

ಇದ್ದಳು. ಗೌರಿ ಈಗ ಊರಿಗೆಲ್ಲ ಗೌರಕ್ಕ. ಬಸ್ಸು ನಿಲ್ಲುವಲ್ಲಿ ಪುಟ್ಟ ಟೈಲರ್ ಅಂಗಡಿ, ಮೂರು ಮಿಷನ್ನು, ಕೊರಳಲ್ಲಿ ಅಳತೆಯ ಟೇಪು. ನನ್ನನ್ನು ನೋಡಿದೊಡನೆ, "ಓ, ಟೇಪ್‌ರೆಕಾರ್ಡ್ ಸಾಹೇಬ್ರು! ಈಗ ಬಂದ್ರಾ?" ಎಂದರು, ನಾನು ಮಧ್ಯಾಹ್ನದ ಊಟಕ್ಕೆ ತಡಮಾಡಿದವನೋ ಎಂಬಂತೆ. ಕೂರಲು ಸ್ಟೂಲು ಕೊಟ್ಟರು. ನಾನು ಕೇಳಬೇಕಾದ ಪ್ರಶ್ನೆಯನ್ನು, ಕೇಳಬೇಕಾದದ್ದಕ್ಕಿಂತ ಅರ್ಧ ಆಯುಷ್ಯ ತಡವಾಗಿ ಕೇಳಿದೆ: "ಆ ಹಾಡು ಯಾರು ಕಟ್ಟಿದ್ದು?"

"ನಾನು. ಮತ್ಯಾರು?"

"ಆಗ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಯಾರಿಂದ ಕಲ್ತೆ ಅಂತ. ಯಾರಿಂದಲೂ ಇಲ್ಲ ಅಂದೆ. ಇನ್ನೆಂತ ಹೇಳ್ಬೇಕಿತ್ತು ಮಾರಾಯ್ರೆ? ನೀವು ತಲೆ ಆಡ್ಸಿ ಬರ್ಕೊಂಡ್ರಿ. ದೊಡ್ಡೋರು, ಅರ್ಥ ಆಗಿರ್ತದೆ ಅಂದ್ಕೊಂಡೆ."

ದೇಹ, ಜೀವ, ಚಂಚಲವಾದ ಮನಸ್ಸು ಎಂದು ನಾನು ಮೆಲ್ಲನೆ ತೊದಲಿದೆ. ಅವರು ಕತ್ತರಿ ಕೆಳಗಿಟ್ಟರು.

"ಎಂತ ದೇಹ? ಅದು ನಮ್ಮನೆ ಅಂಗಳ. ಲಿಂಗನಮಕ್ಕಿ ಡ್ಯಾಮಿನ ನೀರು ಬಂದಾಗ ಮುಳುಗ್ತು, ನಾನಾಗ ಸಣ್ಣೋಳು. ಲಾಂಚಲ್ಲಿ ಬರುವಾಗ ಅಮ್ಮ ಕೈ ಮಾಡಿ ತೋರ್ಸೋಳು, ಇಲ್ಲೇ ಇಲ್ಲೇ ನಮ್ಮ ಅಂಗಳ, ಈಗ ಅದ್ರ ಮೇಲೆ ಹೋಗ್ತಾ ಇದೀವಿ ಅಂತ. ಹೊಸ ಮನೇಲಿ ಅವಳು ಒಂದು ದಿನ ರಂಗೋಲಿ ಹಾಕ್ಲಿಲ್ಲ. ಹಾಕೇ ಅಂದ್ರೆ, ಎಲ್ಲಿ ಅಂತ ಕೇಳೋಳು." ಕತ್ತರಿ ಮತ್ತೆ ಎತ್ತಿಕೊಂಡು ಹೇಳಿದರು: "ಮುನ್ನೂರು ವರ್ಷದ ಹಿಂದೆ ಇಲ್ಲಿ ಹೊಳೆ ಇಷ್ಟಗಲ ಇತ್ತಾ ಸಾಹೇಬ್ರೆ? ಬೇಸಿಗೇಲಿ ನೆರಿಗೆ ಎತ್ಕೊಂಡು ದಾಟ್ತಿದ್ರು. ಆಗ ಅಂಗಳದ ಮೇಲೆ ದೋಣಿ ಎಲ್ಲಿಂದ ಬರ್ತದೆ?"

ಇದನ್ನು ಕೇಳಿದಾಗ ನನಗೆ ಆದದ್ದನ್ನು ನಾಚಿಕೆಯೆಂದರೆ ಕಡಿಮೆಯಾಗುತ್ತದೆ. ಮೀನು ತುಳಸಿಕಟ್ಟೆಗೆ ಸುತ್ತು ಬಂದಿತ್ತು, ಮೀನಾಗಿಯೇ. ಅಣೆಕಟ್ಟಿಗೆ ಇಸವಿಯಿದೆ. ಎರಡಲ್ಲ, ಇಪ್ಪತ್ತು ಸಾಕ್ಷ್ಯಗಳಿವೆ. ನಾನು ಆ ನೀರಿನ ಮೇಲೆಯೇ ಲಾಂಚಿನಲ್ಲಿ ತೇಲಿ ಹೋಗಿದ್ದೆ, ಬಹುಶಃ ಆ ಅಂಗಳದ ಮೇಲೆಯೇ, ತೊಡೆಯ ಮೇಲೆ ನಮೂನೆಗಳ ಚೀಲ ಇಟ್ಟುಕೊಂಡು. ಜಗತ್ತಿನ ಎಲ್ಲ ತಾರೀಖುಗಳನ್ನು ತಾಳೆ ನೋಡಿದವನು ಕಿಟಕಿಯಿಂದ ಹೊರಗೊಮ್ಮೆ ನೋಡಿರಲಿಲ್ಲ.

"ಕ್ಯಾಸೆಟ್ಟು ಬಂದಾಗಲಾದರೂ ಹೇಳಬಹುದಿತ್ತು" ಎಂದೆ. ತಪ್ಪಿತಸ್ಥರು ಹೀಗೆಯೇ ಮಾತನಾಡುತ್ತಾರೆ.

ಗೌರಕ್ಕ ನಕ್ಕರು. "ಹೇಳೋದಾ? ಬಸ್ಸಲ್ಲಿ ಮೊದಲ್ನೇ ಸಲ ಕೇಳಿದ ದಿನ ಪಕ್ಕದಲ್ಲೇ ಅತ್ತೆ ಇದ್ರು. ಹಾಡು ನಂದು ಅಂತ ಅವರಿಗೆ ಗೊತ್ತು. ಮನೆಗೆ ಬಂದವ್ರೇ ಕೇಳಿದ್ರು, 'ಆ ನಲ್ಲ ಯಾರೇ?' ಅಂತ. ನಮ್ಮನೆಯವ್ರೂ ಎರಡು ದಿನ ಮಾತು ಬಿಟ್ರು. ಆಮೇಲೆ ನಾನು ಮಿಷನ್ ಮೇಲೆ ಕೂತು ಹಾಡಿದ್ದಿಲ್ಲ. ಹಳೇ ಹಾಡು ಅಂತ ನೀವು ಬರ್ದದ್ದೇ ಒಳ್ಳೇದಾಯ್ತು ಅಂದ್ಕೊಂಡೆ ಆಗ."

ಕಲ್ಲಿನ ವಿಷಯ ತಿಳಿಸಿದೆ. ನಿಮ್ಮ ಹೆಸರು ಹಾಕಿಸುತ್ತೇನೆ ಎಂದೆ. ಅವರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ಹೇಳಿದರು:

"ಹೆಸ್ರು ಹಾಕಿದ್ರೆ ಹಾಕಿ, ಬಿಟ್ರೆ ಬಿಡಿ. ಅಮ್ಮನ್ನ ವಾಪಸ್ ಹಾಕಿ. ಅವಳಿಗೆ ಹೇಳಿದ ಮಾತು ಅದು. ಯಾರೋ ಗಂಡಸಿಗೆ ಹೇಳಿದ್ದಲ್ಲ."

ಊರಿಗೆ ಬಂದವನೇ ಚಂದ್ರಹಾಸನಿಗೆ ಫೋನು ಮಾಡಿದೆ: ಸಹಿ ಹಾಕುವುದಿಲ್ಲ, ಹಾಡು ಕಟ್ಟಿದವರು ಬದುಕಿದ್ದಾರೆ.

"ಬದುಕಿದಾರಾ?" ಎಂದ, ದುಃಖದ ಸುದ್ದಿ ಕೇಳಿದವನಂತೆ. "ಸಾರ್, 'ಮುನ್ನೂರು ವರ್ಷಗಳ ಪುರಾತನ' ಅಂತ ಕೆತ್ತಿ ಆಗಿದೆ. ಅಳಿಸೋಕೆ ಅದೇನು ಸ್ಲೇಟಾ?"

ಮಧುಕಿರಣರು ತಾವೇ ಫೋನು ಮಾಡಿದರು. ಗೌರಕ್ಕನ ಬಗ್ಗೆ ಅವರಿಗೆ ಅಪಾರ ಗೌರವ ಹುಟ್ಟಿತ್ತು. ಆದರೆ 'ಅಮ್ಮಾ' ಸಾಧ್ಯವಿಲ್ಲ. "ಜನ ನಲ್ಲಾ ಅಂತ ಒಪ್ಕೊಂಡು ಇಷ್ಟು ವರ್ಷ ಆಯ್ತು ಸಾರ್. ಈಗ ಅಮ್ಮಾ ಅಂದ್ರೆ ನಂಗೆ ಅಳೂನೂ ಬರಲ್ಲ." ಕೊನೆಗೆ ಒಂದು ರಾಜಿಯಾಯಿತು: ಕಲ್ಲು ನಿಲ್ಲಿಸುವುದಿಲ್ಲ, ನನಗೆ ಹತ್ತು ನಿಮಿಷ, ಗೌರಕ್ಕನಿಗೆ ಶಾಲು, ಹಣ್ಣು, ನಾಲ್ಕು ಸಾಲು.

ಹೊಸನಗರದ ಆ ಸಭೆಯಲ್ಲಿ ನಾನು ನನ್ನ ತಪ್ಪನ್ನು ಓದಿದೆ. ನಮೂನೆ, ಟಿಪ್ಪಣಿ ಪುಸ್ತಕದ ಸಾಲು, ಅಣೆಕಟ್ಟು, ಪೆಡಲು, ಎಲ್ಲವನ್ನೂ ಹೇಳಿದೆ. ಹಾಡು ಕಟ್ಟಿದವರ ಹೆಸರನ್ನು ಮೂರು ಸಲ ಹೇಳಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬರು ಆಕಳಿಸಿದರು. ಹಿಂದಿನಿಂದ ಯಾರೋ "ಹಾಡು ಶುರು ಮಾಡಿ" ಎಂದರು. ಜೀವಮಾನದಲ್ಲಿ ನಾನು ಬರೆದ ಅತ್ಯಂತ ನಿಖರವಾದ ಹತ್ತು ನಿಮಿಷಗಳಿಗೆ ಸಿಕ್ಕ ವಿಮರ್ಶೆ ಅಷ್ಟು.

ಗೌರಕ್ಕ ವೇದಿಕೆ ಹತ್ತಿ, ಶಾಲು ಮಡಿಸಿ ಪಕ್ಕಕ್ಕಿಟ್ಟು, ನಿಂತರೆ ಬರುವುದಿಲ್ಲವೆಂದು ಕುರ್ಚಿ ಎಳೆದುಕೊಂಡು ಕೂತರು. ಸೀರೆಯ ಅಂಚಿನ ಕೆಳಗೆ ಪಾದಗಳು ಮೆಲ್ಲಗೆ ಮೇಲೆ ಕೆಳಗೆ ಆಡತೊಡಗಿದವು. ಆಮೇಲೆ ಹಾಡಿದರು. ಕಂಠ ಸ್ವಲ್ಪ ಒಡೆದಿತ್ತು. ನಾಲ್ಕು ಸಾಲಿಗೆ ನಿಲ್ಲಿಸಲಿಲ್ಲ, ಪೂರ್ತಿ ಹಾಡಿದರು. ಪ್ರತಿ 'ಅಮ್ಮಾ'ಕ್ಕೂ ಕಣ್ಣು ಸಭೆಯ ಆಚೆ ಎಲ್ಲೋ ಹೋಗುತ್ತಿತ್ತು. ಆಕಳಿಸಿದವರು ಬಾಯಿ ಮುಚ್ಚಿದ್ದನ್ನು ನಾನು ನೋಡಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಮಧುಕಿರಣರು ತಾವು ಅಳುವ ಅಕ್ಷರ ಬರುವ ಮುಂಚೆಯೇ ಕರವಸ್ತ್ರ ತೆಗೆದರು. ಅದು ಅಭ್ಯಾಸವೋ ಅಲ್ಲವೋ ನಿರ್ಣಯಿಸಲು ಎರಡನೆಯ ಸಾಕ್ಷ್ಯ ಇಲ್ಲ.

ಹಾಡು ಮುಗಿದು ಚಪ್ಪಾಳೆ ಏಳುವಷ್ಟರಲ್ಲಿ ಚಂದ್ರಹಾಸ ಮೈಕಿನ ಮುಂದೆ ಹಾಜರಾದ.

"ತುಂಬಾ ಚೆನ್ನಾಗಿ ಪ್ರಯತ್ನ ಮಾಡಿದ್ರು ಗೌರಕ್ಕ. ಬಂಧುಗಳೆ, ಈಗ ಒರಿಜಿನಲ್ ಹಾಡು ಕೇಳೋಣ!"

ಕೀಬೋರ್ಡು ಮೊಳಗಿತು. ಗೌರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಕೆಳಗಿಳಿದು ಬಂದು ನನ್ನ ಕಿವಿಯ ಬಳಿ ಹೇಳಿದರು: "ನೋಡಿದ್ರಾ ಸಾಹೇಬ್ರೆ? ನಂದು ಪಾಠಾಂತರ." ಆ ಪದವನ್ನು ಅವರು ನನ್ನ ಹತ್ತು ನಿಮಿಷದಿಂದಲೇ ಎತ್ತಿಕೊಂಡಿದ್ದರು. ಆ ಸಭೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದವರು ಒಬ್ಬರಾದರೂ ಇದ್ದರು.

ಕಲ್ಲು ಏನಾಯಿತೆಂದು ನೀವು ಕೇಳುತ್ತೀರಿ. ಅದನ್ನು ಬೋರಲು ಹಾಕಿ ಸಭಾಭವನದ ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದಾರೆ. ನಾನು ಓದಿದ ಶಾಸನಗಳಲ್ಲಿ ಬಹಳಷ್ಟು ಒಗೆಯುವ ಕಲ್ಲುಗಳಾಗಿಯೇ ಸಿಕ್ಕಿದವು. ಮುಂದೊಂದು ದಿನ ನನ್ನಂಥವನೊಬ್ಬ ಅದನ್ನು ತಿರುವಿ, ಸಾಬೂನು ಕೆರೆದು, ಓದಿ ಹಿಗ್ಗುತ್ತಾನೆ. ಅವನಿಗಾಗಿಯೇ ಇದನ್ನು ಬರೆದಿಟ್ಟಿದ್ದೇನೆ.

ಇಷ್ಟೆಲ್ಲ ಆದ ಮೇಲೆ, ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದಾಗ ಮೊದಲ ಬಾರಿಗೆ ಕಸದ ಗಾಡಿಯ ಹಾಡಿನ ಧಾಟಿಯನ್ನು ಬಿಟ್ಟು ಮಾತನ್ನು ಗಮನವಿಟ್ಟು ಕೇಳಿದೆ. 'ಗಾಡಿ ಬಂತು ಅಮ್ಮಾ.' ಕಸ ಕೊಡಲು ಬರುವವರನ್ನು ನಲ್ಲಾ ಎಂದು ಕರೆಯಲಾಗದೆ ಯಾವನೋ ಪುಣ್ಯಾತ್ಮ ತನಗೇ ಗೊತ್ತಿಲ್ಲದೆ ಮೂಲಪಾಠವನ್ನು ಉಳಿಸಿದ್ದ. ವಿದ್ವಾಂಸನೂ ಗಾಯಕನೂ ಸಮಿತಿಯೂ ಹಿಂದಿರುಗಿಸದ ಅಮ್ಮನನ್ನು ಕಸದ ಗಾಡಿ ದಿನವೂ ಬೀದಿ ಬೀದಿಗೆ ಕರೆದು ತರುತ್ತಿದೆ. ಅದನ್ನು ಫೋನಿನಲ್ಲಿ ಮುದ್ರಿಸಿ ಗೌರಕ್ಕನಿಗೆ ಕಳಿಸಿದೆ. ಉತ್ತರವಾಗಿ ಒಂದು ಧ್ವನಿಸಂದೇಶ ಬಂತು. ಅದರಲ್ಲಿ ಮಾತಿರಲಿಲ್ಲ. ಮೊದಲು ನಗು, ಆಮೇಲೆ ಹೊಲಿಗೆ ಮಿಷನ್ನಿನ ಸದ್ದು, ಆ ಸದ್ದಿನ ಮೇಲೆ ಹಾಡು.

ಗೌರಕ್ಕ ಮಿಷನ್ನಿನ ಮುಂದೆ ನಿಲ್ಲಿಸಿದ ಹಾಡು ಮತ್ತೆ ಶುರುವಾದ ತಾರೀಖು ಮಾತ್ರ ನನ್ನಲ್ಲಿ ಖಚಿತವಾಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕಿದ್ದೇನೆ, ಸಾವಿತ್ರಿ ನೋಡಿದ್ದಾಳೆ: ಎರಡು ಸಾಕ್ಷ್ಯ.

ಈ ಹೊತ್ತು ಬೆಳಿಗ್ಗೆ ನನ್ನ ಲೇಖನದ ಉಳಿದ ಪ್ರತಿಗಳನ್ನೆಲ್ಲ ಕಟ್ಟಿ ಗೇಟಿಗೆ ಒಯ್ದೆ. ಹಾಡು ಮುಗಿಯುವ ತನಕ ಕಾದೆ. ಗಾಡಿಯ ಹೆಂಗಸು ಕಟ್ಟನ್ನು ತೂಗಿ ನೋಡಿದಳು.

"ಎಂತ ಸಾರ್ ಇದು? ಹಸೀನಾ, ಒಣದ್ದಾ?"

ಆ ಒಂದು ಪ್ರಶ್ನೆಗೆ ಯಾವ ಅಡಿಟಿಪ್ಪಣಿಯೂ ಬೇಕಾಗಲಿಲ್ಲ. "ಒಣದ್ದು" ಎಂದೆ.